ಕಿಂಡಿಯ ಹಿಂದಿನ ದನಿ

ಚಳಿ ಹಿಂದೆಗೆಯುವ ಕಾಲ. ಬೆಳಗಿನ ಮಂಜು ದಿನದಿಂದ ದಿನಕ್ಕೆ ತೆಳುವಾಗುತ್ತ ಬಂದಿತ್ತು, ಹಾಲೂ ಹಾಗೆಯೇ. ಆರು ಗಂಟೆಗೆ ಡೈರಿಯ ಮುಂದೆ ಕ್ಯಾನು, ಬಕೆಟ್ಟು, ತೂಗುಪಾತ್ರೆಗಳು ಸಾಲಾಗಿ ನಿಂತಿದ್ದವು. ಅವುಗಳ ಯಜಮಾನರು ಗೋಡೆಗೆ ಒರಗಿ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಪಕ್ಕದವನ ಹಸುವಿನ ಗುಣಾವಗುಣ ಮಾತಾಡುತ್ತಿದ್ದರು. ಸಾಲು ಮುಂದೆ ಸರಿದಾಗೆಲ್ಲ ಕಾಲಿನಿಂದಲೇ ಪಾತ್ರೆಯನ್ನು ಒಂದು ಗೇಣು ಮುಂದಕ್ಕೆ ನೂಕುತ್ತಿದ್ದರು.

ಡೈರಿಗೊಂದು ಕಿಂಡಿ. ಕ್ಯಾನು ಎತ್ತುವವರ ಸೊಂಟ ಉಳಿಯಲಿ ಎಂದು ಅದನ್ನು ಸೊಂಟದ ಮಟ್ಟಕ್ಕೇ ಇಟ್ಟಿದ್ದರು. ಹಾಗಾಗಿ ಹೊರಗಿನವರಿಗೆ ಕಾಣುವುದು ಒಂದು ಅಳತೆಯ ಪಾತ್ರೆ, ಒಂದು ಬಲ್ಬು, ಮಣಿಕಟ್ಟಿನವರೆಗೆ ಒಂದು ಕೈ. ಮಿಕ್ಕಿದ್ದೆಲ್ಲ ದನಿ.

"ಹದಿನೇಳು! ಮೂರೂವರೆ ಲೀಟರು! ಫ್ಯಾಟು ಮೂರು ಪಾಯಿಂಟು ಎರಡು!"

ದನಿ ಕಾರ್ಯದರ್ಶಿಯದು. ಆ ಹಾಲಿನ ಸಂಘಕ್ಕೆ ಕಾರ್ಯದರ್ಶಿಯೂ ಅವನೇ, ಹಾಲು ಅಳೆಯುವವನೂ ಅವನೇ, ಫ್ಯಾಟು ನೋಡುವವನೂ ಅವನೇ, ಕೊನೆಗೆ ನೆಲ ತೊಳೆಯುವವನೂ ಅವನೇ. ಸಂಬಳ ಮಾತ್ರ ಒಂದೇ. ಇಷ್ಟು ಹುದ್ದೆ ಹೊತ್ತವನ ದನಿ ಸಣ್ಣದಾಗಿದ್ದರೆ ಹೇಗೆ? ಹನ್ನೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ದಿನ, ಅಂಜಿಕೆಯಿಂದ ಅವನ ದನಿ ದಾರದಷ್ಟು ಹೊರಟಿತ್ತು. ಹೊರಗಿದ್ದವರು ಯಾರೋ "ಏನಮ್ಮಾ, ಯಜಮಾನ್ರು ಇನ್ನೂ ಎದ್ದಿಲ್ವಾ?" ಎಂದು ಕೇಳಿಬಿಟ್ಟರು. ಮಾರನೆಯ ದಿನದಿಂದ ಅವನು ಗಲ್ಲವನ್ನು ಎದೆಗೆ ಒತ್ತಿ, ಕುತ್ತಿಗೆಯ ನರ ಬಿಗಿದು, ಗುಂಡುಕಲ್ಲು ಉರುಳಿಸಿದಂಥ ಒಂದು ದನಿಯನ್ನು ಹೊರಡಿಸತೊಡಗಿದ. ಅದು ಹುದ್ದೆಯ ದನಿ ಎಂದು ಅವನ ಭಾವನೆ. ಮೊದಮೊದಲು ಕಿಂಡಿಯಲ್ಲಿ ಮಾತ್ರ ಇದ್ದದ್ದು ಕ್ರಮೇಣ ಮನೆಗೂ ಬಂತು. ಉಪ್ಪು ಕೇಳುವುದಕ್ಕೂ ಅದೇ ದನಿ, ಹೆಂಡತಿಯನ್ನು ಸಮಾಧಾನ ಮಾಡುವುದಕ್ಕೂ ಅದೇ ದನಿ. ಹೀಗಾಗಿ ಅವಳಿಗೆ ಸಮಾಧಾನವಾದದ್ದೇ ಕಡಿಮೆ.

ಆವತ್ತು "ಇಪ್ಪತ್ತಮೂರು" ಎನ್ನಲು ಬಾಯಿ ತೆರೆದರೆ ಬರೀ ಗಾಳಿ ಬಂತು. ಇನ್ನೊಮ್ಮೆ ಪ್ರಯತ್ನಿಸಿದ. ಇನ್ನಷ್ಟು ಗಾಳಿ.

"ಸೆಕ್ರೆಟ್ರಿ, ಟ್ಯೂಬು ಪಂಕ್ಚರ್ ಆಯ್ತೇನೋ ನೋಡ್ಕೊಳ್ಳಿ!" ಎಂದು ಹೊರಗಿನಿಂದ ಹದಿನೇಳನೇ ನಂಬರಿನವನು ಕೂಗಿದ. ಅವನ ಹೆಸರು ಊರಿಗೆ ಮರೆತುಹೋಗಿ ಎಷ್ಟೋ ಕಾಲವಾಗಿತ್ತು. ಹದಿನೇಳು ಎಂದರೆ ಅವನ ಹೆಂಡತಿಯೂ ತಿರುಗಿ ನೋಡುತ್ತಿದ್ದಳು.

ಸುದ್ದಿ ಅಧ್ಯಕ್ಷರ ಮನೆ ತಲುಪಲು ಹಾಲು ಕಾಯುವಷ್ಟು ಹೊತ್ತೂ ಬೇಕಾಗಲಿಲ್ಲ. ಅವರೇ ಡೈರಿಗೆ ಬಂದರು.

"ವರ್ಷದ ಮೀಟಿಂಗಿಗೆ ಇನ್ನು ಹದಿನೈದೇ ದಿನ ಕಣಪ್ಪ. ವರದೀನ ಗಟ್ಟಿಯಾಗಿ ಓದೋದು ಸೆಕ್ರೆಟ್ರಿ ಕೆಲಸ, ನಿಯಮದಲ್ಲೇ ಇದೆ. ಆಗಲ್ಲ ಅಂದ್ರೆ ಹೇಳು, ನಾಚ್ಕೋಬೇಡ. ನನ್ನ ತಂಗಿ ಮಗ ಮನೇಲಿ ಸುಮ್ನೆ ಕೂತಿದಾನೆ. ಏನು ದನಿ ಅಂತೀಯ ಅವನ್ದು! ಕುಡಿಯೋಕೆ ನೀರು ಕೇಳಿದ್ರೆ ಮೂರು ಮನೆಯೋರು ತಂದ್ಕೊಡ್ತಾರೆ."

ಕಾರ್ಯದರ್ಶಿ ಉತ್ತರ ಕೊಡಲು ಹೋಗಿ ಒಂದಿಷ್ಟು ಗಾಳಿ ಬಿಟ್ಟ. ಅಧ್ಯಕ್ಷರು ಅದನ್ನು ಒಪ್ಪಿಗೆ ಎಂದುಕೊಂಡು ಹೋದರು.

ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಈ ಗಂಟಲನ್ನ ಹೀಗೇ ದುಡಿಸಿದ್ರೆ ಇನ್ನೊಂದು ವರ್ಷಕ್ಕೆ ಇದು ಊಟಕ್ಕೆ ಮಾತ್ರ ಪ್ರಯೋಜನ" ಎಂದರು.

ಅವನ ಪುಣ್ಯವೋ ಏನೋ, ಆ ವಾರ ನಾದಿನಿ ಅಕ್ಕನ ಮನೆಗೆ ರಜೆಗೆ ಬಂದಳು. ಅವಳು ಪಟ್ಟಣದಲ್ಲಿ ನಾಟಕದವರಿಗೆ ದನಿಯ ಪಾಠ ಹೇಳುವವಳು. ದನಿಗೂ ಪಾಠ ಉಂಟೇ, ಅದಕ್ಕೆ ಸಂಬಳ ಬೇರೆಯೇ ಎಂದು ಕಾರ್ಯದರ್ಶಿ ಇಷ್ಟು ವರ್ಷ ನಕ್ಕಿದ್ದ. ಈಗ ನಗುವುದಕ್ಕೂ ದನಿ ಇರಲಿಲ್ಲ.

"ಭಾವ, ಒಂದು ಸಲ 'ಹದಿನೇಳು' ಅನ್ನಿ."

ಅವನು ಗಲ್ಲ ಒತ್ತಿ, ಕಣ್ಣು ಮೇಲೆ ಮಾಡಿ ಪ್ರಯತ್ನಿಸಿದ. ನಾದಿನಿ ಸೆರಗು ಬಾಯಿಗೆ ಇಟ್ಟುಕೊಂಡಳು.

"ಇದು ದನಿ ಅಲ್ಲ ಭಾವ, ಕಬ್ಬಿಣದ ಬೀರು ಎಳೆಯೋ ಶಬ್ದ. ನಿಮ್ಮ ದನಿ ಒಳಗೇ ಇದೆ, ನೀವೇ ಅದರ ಮೇಲೆ ಕೂತಿದೀರ. ಏಳಿ ಅದರ ಮೇಲಿಂದ. ನೆಲದ ಮೇಲೆ ಮಲಗಿ."

ಹೀಗೆ ಪಾಠ ಶುರುವಾಯಿತು. ಬೆನ್ನು ನೆಲಕ್ಕೆ, ಮಂಡಿ ಮೇಲಕ್ಕೆ, ಅಂಗೈ ಹೊಟ್ಟೆಯ ಮೇಲೆ. ಉಸಿರನ್ನು ಎಳೆಯಬಾರದು, ಅದಾಗಿ ಬರಬೇಕು. ಹೋಗುವಾಗ ಬಾಯಿ ಬಿಟ್ಟು ನಿಟ್ಟುಸಿರಾಗಿ ಹೋಗಬೇಕು. ದವಡೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಬೇಕು. ಎದ್ದುನಿಂತು ತಲೆ, ಕುತ್ತಿಗೆ, ಬೆನ್ನನ್ನು ಒಂದೊಂದೇ ಮೂಳೆ ಸಡಿಲಿಸುತ್ತ ಒಗೆದ ಬಟ್ಟೆಯಂತೆ ಸೊಂಟದಿಂದ ಕೆಳಕ್ಕೆ ಜೋತುಬಿಡಬೇಕು. ಆಮೇಲೆ ತುಟಿ ಮುಚ್ಚಿ "ಮ್ಮ್..." ಎಂದು ಹೊಟ್ಟೆಯಿಂದ ಗುಂಯ್‌ಗುಡಬೇಕು. ಮೂರನೆಯ ದಿನ ಅವನು ಹೀಗೆ ಗುಂಯ್‌ಗುಟ್ಟಿದಾಗ ಕೊಟ್ಟಿಗೆಯಿಂದ ಹಸು ಉತ್ತರ ಕೊಟ್ಟಿತು.

"ನೋಡಿ, ಸರಿ ದಾರೀಲಿದೀರ" ಎಂದಳು ನಾದಿನಿ.

"ಅದು ಹಿಂಡಿ ಕೇಳ್ತಿದೆ" ಎಂದಳು ಹೆಂಡತಿ, ಅವನ ಸುತ್ತ ಕಸ ಗುಡಿಸುತ್ತ. "ಕಾಲು ಆಕಡೆ ತಗೊಳ್ಳಿ. ಮನುಷ್ಯರು ಉಸಿರಾಡೋಕೂ ಕಲೀಬೇಕಾ? ನಲವತ್ತೈದು ವರ್ಷ ಏನು ಮಾಡ್ತಿದ್ರಿ ಹಾಗಾದ್ರೆ?"

ಬಾಗಿಲು ತೆರೆದೇ ಇತ್ತು. ಮೊಸರಿಗೆ ಹೆಪ್ಪು ಕೇಳಲು ಬಂದ ಮೂಲೆಮನೆ ಅಜ್ಜಿ ಹೊಸ್ತಿಲಲ್ಲೇ ನಿಂತಳು. ನೆಲದ ಮೇಲೆ ಅಂಗಾತ ಮನುಷ್ಯ, ಬಾಯಿ ತೆರೆದಿದೆ, ಕಣ್ಣು ಮುಚ್ಚಿದೆ, ಪಕ್ಕದಲ್ಲಿ ಊರಿಂದ ಬಂದ ನಾದಿನಿ ಕೂತಿದ್ದಾಳೆ. ಅಜ್ಜಿ ಬಟ್ಟಲು ಕೆಳಗಿಟ್ಟು ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯೋ ನನ್ನಮ್ಮಾ! ಯಾವಾಗ ಹೋದ್ನೇ?"

"ಇನ್ನೂ ಎಲ್ಲಿ ಹೋದ್ರು ಅಜ್ಜಿ? ಮಲಗೇ ಇದಾರೆ" ಎಂದಳು ಹೆಂಡತಿ, ಪೊರಕೆ ನಿಲ್ಲಿಸದೆ.

ಅಜ್ಜಿ ಹೆಪ್ಪು ತೆಗೆದುಕೊಂಡು ಹೋದಳು. ಆದರೆ ಕಣ್ಣಾರೆ ಕಂಡದ್ದನ್ನು ಬಿಟ್ಟು ಹೋಗಲಿಲ್ಲ.

ನಾದಿನಿ ಎರಡು ಕಟ್ಟಳೆ ಹಾಕಿದ್ದಳು. ಒಂದು ವಾರ ಕಿಂಡಿಯಲ್ಲೂ ಬಾಯಿ ಬಿಡಬಾರದು. ಆ ಮೇಲೂ ಮೀಟಿಂಗ್ ಮುಗಿಯುವವರೆಗೆ ಡೈರಿಯಲ್ಲಿ ಬಿಟ್ಟು ಬೇರೆಲ್ಲೂ ಮಾತಾಡಬಾರದು. ಕಾರ್ಯದರ್ಶಿ ಶಿಸ್ತಿನ ಮನುಷ್ಯ. ವಾರವಿಡೀ ಕಿಂಡಿಯಿಂದ ಒಂದು ಸ್ಲೇಟು ಹೊರಗೆ ಬಂತು, ಒಳಗೆ ಹೋಯಿತು. ಜನ ಸ್ಲೇಟು ಓದಿದರು, ಒಬ್ಬರ ಮುಖ ಒಬ್ಬರು ನೋಡಿದರು. ಒಳಗೆ ಏನೋ ನಡೆಯುತ್ತಿದೆ ಎಂಬುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ.

ಎಂಟನೆಯ ದಿನ ಅವನು ಮಬ್ಬಿನಲ್ಲೇ ಎದ್ದು ಹಿಂದಿನ ಬಾಗಿಲಿಂದ ಡೈರಿ ಸೇರಿ, ಬೆನ್ನು ಜೋತುಬಿಟ್ಟು, ದವಡೆ ಅಲ್ಲಾಡಿಸಿ, ಮೂರು ನಿಟ್ಟುಸಿರು ಬಿಟ್ಟು ಕಿಂಡಿ ತೆರೆದ. ಗಲ್ಲ ಒತ್ತಲಿಲ್ಲ. ಕುತ್ತಿಗೆ ಬಿಗಿಯಲಿಲ್ಲ. ಬಾಯಿ ಬಿಟ್ಟ, ಅಷ್ಟೆ.

"ಹದಿನೇಳು. ಮೂರೂವರೆ ಲೀಟರು. ಫ್ಯಾಟು ಮೂರು ಪಾಯಿಂಟು ಎರಡು."

ದನಿ ಕೂಗಲಿಲ್ಲ, ಬಾವಿಯೊಳಗಿಂದ ತುಂಬಿದ ಕೊಡ ಮೇಲೆ ಬಂದಂತೆ ಬಂತು. ಗೋಡೆಗೆ ಒರಗಿದ್ದವರು ನೆಟ್ಟಗಾದರು. ಒಬ್ಬ ಬೀಡಿ ಬಿಸಾಕಿದ. ಹದಿನೇಳು ಬಗ್ಗಿ ಕಿಂಡಿಯೊಳಗೆ ನೋಡಲು ಹೋದ. ಬಲ್ಬಿನ ಬೆಳಕು ಕಣ್ಣಿಗೆ ಹೊಡೆದು ಕಂಡದ್ದು ಪಾತ್ರೆ, ಕೈ, ಅಷ್ಟೆ. ಬಗ್ಗಿದವನು ಹಾಗೇ ಕೈ ಮುಗಿದ.

"ನಮಸ್ಕಾರ ಸಾರ್."

ಒಳಗಿನ ಕೈ ಒಂದು ಗಳಿಗೆ ತಡೆದು ಚೀಟಿ ಕೊಟ್ಟಿತು.

ಡೈರಿಯಿಂದ ನೂರು ಹೆಜ್ಜೆ ದಾಟುವುದರೊಳಗೆ ವಿಚಾರ ಇತ್ಯರ್ಥವಾಯಿತು. ಮೇಲಿನ ಆಫೀಸಿನವರು ಗುಟ್ಟಾಗಿ ಯಾರನ್ನೋ ತಂದು ಕೂರಿಸಿದ್ದಾರೆ. ಆ ದನಿ ಈ ಕಡೆಯದಲ್ಲ. ಆ ದನಿಗೆ ಕನಿಷ್ಠ ಆರಡಿ ಎತ್ತರ, ದಪ್ಪ ಮೀಸೆ ಇರಲೇಬೇಕು. ಕೈಯೂ ಬೇರೆ ಎಂದು ಒಬ್ಬನೆಂದ. ಉಗುರು ಬೇರೆ ಎಂದು ಇನ್ನೊಬ್ಬ. ಹಾಗಾದರೆ ನಮ್ಮ ಸೆಕ್ರೆಟ್ರಿ? ಅದಕ್ಕೆ ಮೂಲೆಮನೆ ಅಜ್ಜಿಯ ಸಾಕ್ಷಿಯಿತ್ತು: "ಕೆಲಸ ಹೋದ ದುಃಖಕ್ಕೆ ನೆಲ ಹಿಡಿದು ಮಲಗಿದಾನೆ. ಬಾಯಿ ಬಿಟ್ಕೊಂಡು ನಿಟ್ಟುಸಿರು ಬಿಡ್ತಿದಾನೆ. ನಾದಿನಿ ಬೇರೆ ಬಂದು ಕೂತಿದಾಳೆ ಪಾಪ, ಸಮಾಧಾನ ಮಾಡೋಕೆ."

ಕೆಲವರು ಖಚಿತ ಮಾಡಿಕೊಳ್ಳಲು ಅಧ್ಯಕ್ಷರ ಬಳಿ ಹೋದರು. ಅಧ್ಯಕ್ಷರಿಗೆ ಏನೂ ಗೊತ್ತಿರಲಿಲ್ಲ. ಆದರೆ ಅಧ್ಯಕ್ಷನಾದವನು ಗೊತ್ತಿಲ್ಲ ಎನ್ನುವುದುಂಟೇ?

"ಅದು ಮೇಲಿಂದ ಬಂದದ್ದು" ಎಂದರು, ಆಕಾಶ ತೋರಿಸಿ. "ನನಗೆ ಮೊದ್ಲೇ ಹೇಳಿದ್ರು. ನೀವು ಬಾಯಿ ಮುಚ್ಕೊಂಡಿರಿ."

ಆ ಸಂಜೆ ಅಧ್ಯಕ್ಷರು ತಮ್ಮ ಕೊಟ್ಟಿಗೆಯ ಆಳನ್ನು ಕರೆದು, ನಾಳೆಯಿಂದ ಕ್ಯಾನಿಗೆ ನೀರು ಸೋಕಿಸಕೂಡದು ಎಂದು ಅಪ್ಪಣೆ ಕೊಟ್ಟರು. ಬೇರೆ ಮನೆಗಳಲ್ಲೂ ಅದೇ ಅಪ್ಪಣೆ ಆಯಿತು. ಫ್ಯಾಟು ಮೂರಕ್ಕೆ ಇಳಿಯದ ಹಾಗೆ, ಮೂರರ ಮೇಲೆ ಎರಡೇ ಎಳೆ ನಿಲ್ಲುವ ಹಾಗೆ ಹಾಲಿಗೆ ನೀರು ಬೆರೆಸುವುದು ಅಲ್ಲಿ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದ ವಿದ್ಯೆ. ಮಾರನೆಯ ಬೆಳಿಗ್ಗೆ ಆ ವಿದ್ಯೆ ಒಮ್ಮೆಗೇ ನಿಂತಿತು.

"ಹದಿನೇಳು. ಎರಡೂ ಮುಕ್ಕಾಲು ಲೀಟರು. ಫ್ಯಾಟು ನಾಲ್ಕು ಪಾಯಿಂಟು ಒಂದು."

"ಸರಿ ಸಾರ್."

ಕಾರ್ಯದರ್ಶಿ ಮಿಷನ್ನಿನ ಮೇಲೆ ತಟ್ಟಿದ, ಮತ್ತೆ ಹಾಲು ಹಾಕಿ ನೋಡಿದ. ನಾಲ್ಕು ಪಾಯಿಂಟು ಒಂದೇ. ಕ್ಯಾನುಗಳು ಬೆಳಗಿ ಬಂದಿದ್ದವು. ಸಾಲಿನಲ್ಲಿ ಜಗಳವಿಲ್ಲ. ಮನೆಗೆ ಹೋದವನೇ ಚೀಟಿಯಲ್ಲಿ ಬರೆದು ನಾದಿನಿಗೆ ತೋರಿಸಿದ: 'ಹೊಟ್ಟೆಯಿಂದ ಮಾತಾಡಿದರೆ ಫ್ಯಾಟೂ ಏರುತ್ತದೆಯೇ?'

"ನಾನು ಕಲಿಸೋದು ನಟರಿಗೆ ಭಾವ, ಹಸುಗಳಿಗಲ್ಲ" ಎಂದಳು ಅವಳು. ಮರುದಿನ ಪಟ್ಟಣಕ್ಕೆ ಹೊರಟವಳು ಬಸ್ಸಿನ ಕಿಟಕಿಯಿಂದ, "ಮೀಟಿಂಗಲ್ಲಿ ಎದ್ದ ತಕ್ಷಣ ಓದಬೇಡಿ. ಮೊದಲು ಬೆನ್ನು ಬಿಡಿ, ಉಸಿರು ಬರಲಿ. ಆ ಜಾಗದಿಂದ ಬಂದ ದನೀಲಿ ಸೋಗು ಹಾಕೋಕಾಗಲ್ಲ, ನೆನಪಿರಲಿ" ಎಂದು ಕೂಗಿ ಹೇಳಿದಳು.

ಇತ್ತ ಬೀದಿಯಲ್ಲಿ ಅವನ ಪಾಡು ಬೇರೆಯಾಯಿತು. ದವಡೆ ಸಡಿಲಬಿಟ್ಟು, ಭುಜ ಇಳಿಬಿಟ್ಟು, ತುಟಿ ಪಿಟ್ಟೆನ್ನದೆ ನಡೆಯುವ ಮನುಷ್ಯನನ್ನು ಕಂಡವರ ಕರುಳು ಚುರುಕ್ ಎಂದಿತು. ಕ್ಷೌರದವನು ದುಡ್ಡು ಬೇಡವೆಂದ. ಅಂಗಡಿಯವಳು ಮೂರು ಮೊಟ್ಟೆ ಹೆಚ್ಚಿಗೆ ಇಟ್ಟು, "ಹೋದದ್ದು ಹೋಯ್ತು ಅಣ್ಣ, ಮನಸ್ಸಿಗೆ ಹಚ್ಕೋಬೇಡಿ" ಎಂದಳು. ತನ್ನ ಗಂಟಲಿನ ಬಗ್ಗೆ ಊರಿಗೆ ಇಷ್ಟು ಕಾಳಜಿಯೇ ಎಂದು ಅವನ ಕಣ್ಣು ತುಂಬಿತು. ಆ ಕಣ್ಣೀರು ಕಂಡು ಅವಳು ಇನ್ನೆರಡು ಮೊಟ್ಟೆ ಇಟ್ಟಳು.

ಹದಿನೇಳು ಅವನನ್ನು ಕೆರೆ ಏರಿಯ ಮೇಲೆ ಹಿಡಿದ. ಸುತ್ತ ನೋಡಿ, ಪಕ್ಕದಲ್ಲಿ ಕೂತು, ಮಂಡಿಯ ಮೇಲೆ ಕೈ ಇಟ್ಟ.

"ಸೆಕ್ರೆಟ್ರಿ, ಈಗ ನೀವು ಆ ಜಾಗದಲ್ಲಿಲ್ಲ, ಅದಕ್ಕೇ ಹೇಳ್ತೀನಿ. ಹನ್ನೊಂದು ವರ್ಷ ದಿನಾ ಒಂದು ಚೊಂಬು ನೀರು ಹಾಕಿದೀನಿ. ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ. ನಿಮಗೆ ಗೊತ್ತಿತ್ತು, ಆದ್ರೂ ಒಂದಿನ ಬಾಯಿ ಬಿಡಲಿಲ್ಲ. ಬಂಗಾರದಂಥ ಮನುಷ್ಯ ನೀವು. ಈಗ ಬಂದಿದಾನಲ್ಲ, ಅವನು ರಾಕ್ಷಸ. ಆ ದನಿ ಕೇಳಿದ್ರೆ ಚೊಂಬು ಕೈಯಿಂದ ತಾನೇ ಜಾರತ್ತೆ."

ಕಾರ್ಯದರ್ಶಿಯ ದವಡೆ ನಾದಿನಿ ಎಷ್ಟು ಹೇಳಿದರೂ ಬೀಳದಷ್ಟು ಕೆಳಗೆ ಬಿತ್ತು. ಅವನಿಗೆ ಏನೂ ಗೊತ್ತಿರಲಿಲ್ಲ. ಹಾಲು ತೆಳುವಾದದ್ದಕ್ಕೆ ಹನ್ನೊಂದು ವರ್ಷ ಅವನು ಹುಲ್ಲನ್ನೇ ಬೈದಿದ್ದ. ಈಗ ಒಂದು ಮಾತಿನಲ್ಲಿ ಎಲ್ಲ ತಿಳಿಯಾಗಬಹುದಿತ್ತು. ಆದರೆ ಮಾತಾಡಕೂಡದು ಎಂಬ ಕಟ್ಟಳೆ. ಕಟ್ಟಳೆಗಿಂತ ಹೆಚ್ಚಾಗಿ, 'ನಾನೇ ಆ ರಾಕ್ಷಸ' ಎಂದು ಯಾವ ದನಿಯಲ್ಲಿ ಹೇಳುವುದೆಂದು ತೋಚಲಿಲ್ಲ. ತಲೆಯಾಡಿಸಿದ.

ಹದಿನೇಳಿಗೆ ಹಗುರವಾಯಿತು. ಹಗುರವಾದದ್ದನ್ನು ನಾಲ್ಕು ಜನಕ್ಕೆ ಹೇಳಿದ. ಆಮೇಲೆ ಮೀಟಿಂಗಿನ ತನಕ ಕಾರ್ಯದರ್ಶಿಗೆ ಬಿಡುವಿರಲಿಲ್ಲ. ಒಬ್ಬೊಬ್ಬರಾಗಿ ಬಂದು, ಅವನ ಮಂಡಿಯ ಮೇಲೆ ಕೈ ಇಟ್ಟು, ಇಷ್ಟು ಚೊಂಬು, ಅಷ್ಟು ಚೊಂಬು ಎಂದು ಹೇಳಿಕೊಂಡು ಹೋದರು. ಒಬ್ಬಳು ತಾನು ಹಾಕಿದ್ದು ಬಿಸಿನೀರು, ಶುದ್ಧವಾದದ್ದು ಎಂದಳು. ಕೊನೆಗೆ ಅಧ್ಯಕ್ಷರ ಆಳೂ ಬಂದ. "ನಂದೇನಿಲ್ಲಣ್ಣ, ನಾನು ಬರೀ ಸುರಿದೋನು" ಎಂದ.

ಮೇಲಿನ ಆಫೀಸಿನಲ್ಲಿ ಮಾತ್ರ ಬೇರೆ ಲೆಕ್ಕ ಹುಟ್ಟಿತು. ಒಂದು ಊರಿನ ಹಾಲು ನಾಲ್ಕು ದಿನಗಳಲ್ಲಿ ಐದರಲ್ಲೊಂದು ಪಾಲು ಕಡಿಮೆಯಾಗಿದೆ, ಫ್ಯಾಟು ನಾಲ್ಕು ದಾಟಿದೆ. ಹಸು ಬದಲಾಗಿಲ್ಲ, ಹುಲ್ಲು ಬದಲಾಗಿಲ್ಲ. ಹಾಗಾದರೆ ಇಷ್ಟು ವರ್ಷ ಬಂದದ್ದೇನು? ನೋಡಿಕೊಂಡು ಬರಲು ಒಬ್ಬ ಪರಿಶೀಲಕರನ್ನು ವರ್ಷದ ಮೀಟಿಂಗಿಗೇ ಕಳಿಸಿದರು.

ಮೀಟಿಂಗು ಡೈರಿಯ ಹಿಂದಿನ ಗೋದಾಮಿನಲ್ಲಿ. ಜನ ಹಿಂಡಿ ಮೂಟೆಗಳ ಮೇಲೆ ಕೂತಿದ್ದರು. ಪರಿಶೀಲಕರು ಒಳಗೆ ಬಂದಾಗ ಎಲ್ಲರೂ ಎದ್ದುನಿಂತರು: ಆರಡಿ ಎತ್ತರ, ದಪ್ಪ ಮೀಸೆ. ಕಿಂಡಿಯ ಸಾಹೇಬರು ಇವರೇ! ಊಹಿಸಿದ್ದು ಇಷ್ಟು ನಿಖರವಾದದ್ದಕ್ಕೆ ಜನ ತಮ್ಮ ಬೆನ್ನು ತಾವೇ ತಟ್ಟಿಕೊಂಡರು. ಪರಿಶೀಲಕರು ಗಂಟಲು ಸರಿಮಾಡಿಕೊಂಡರು.

"ಎಲ್ರೂ ಕೂತ್ಕೊಳ್ಳಿ" ಎಂದರು. ದನಿ ಸೊಳ್ಳೆಯದು.

ಜನ ಕೂರಲಿಲ್ಲ. "ಇದಲ್ಲ" ಎಂದ ಹದಿನೇಳು, ಪಿಸುಮಾತಿನಲ್ಲಿ. "ಶರೀರ ಇದೇ. ದನಿ ಇದಲ್ಲ."

"ವರದಿ ಓದಿ" ಎಂದರು ಪರಿಶೀಲಕರು. ಅಧ್ಯಕ್ಷರು ತಂಗಿಯ ಮಗನ ಕಡೆ ಕೈ ತೋರಿಸುವಷ್ಟರಲ್ಲಿ ಕಾರ್ಯದರ್ಶಿ ಎದ್ದು ಮುಂದೆ ಬಂದ. ಜನರಿಗೆ ಸಂಕಟವಾಯಿತು, ಕೆಲಸ ಕಳಕೊಂಡವನು, ಪಾಪ, ಇನ್ನೂ ಆಸೆ ಬಿಟ್ಟಿಲ್ಲ. ಅವನು ಪರಿಶೀಲಕರ ಮುಂದೆ ನಿಂತು ತಲೆ ಬಗ್ಗಿಸಿದ, ಕುತ್ತಿಗೆ ಬಗ್ಗಿಸಿದ, ಬೆನ್ನು ಬಗ್ಗಿಸಿ ಕೈಗಳನ್ನು ನೆಲದವರೆಗೆ ಜೋತುಬಿಟ್ಟ.

"ಕಾಲಿಗೆ ಬೀಳ್ತಿದಾನೆ ಕಣ್ರೋ!" ಎಂದಳು ಮೂಲೆಮನೆ ಅಜ್ಜಿ.

"ಬೇಡಪ್ಪ, ಬೇಡ" ಎಂದು ಪರಿಶೀಲಕರು ಹಿಂದಕ್ಕೆ ಸರಿದರು. ಹದಿನೇಳು ಹಿಡಿದೆತ್ತಲು ಓಡಿಬಂದ. ಅಷ್ಟರಲ್ಲಿ ಕಾರ್ಯದರ್ಶಿ ಒಂದೊಂದೇ ಮೂಳೆಯಾಗಿ ಮೇಲೆದ್ದು, ನಿಟ್ಟುಸಿರು ಬಿಟ್ಟು, ಬಾಯಿ ತೆರೆದ.

"ಅಧ್ಯಕ್ಷರೇ, ಸದಸ್ಯರೇ. ಈ ವರ್ಷದ ವರದಿ."

ಗೋದಾಮಿನ ಕೊನೆಯ ಮೂಟೆಯವರೆಗೂ ಆ ದನಿ ನಿರಾಯಾಸವಾಗಿ ಹೋಯಿತು. ಅದು ಹೋದಲ್ಲೆಲ್ಲ ಮುಖಗಳು ಬಿಳಿಚಿಕೊಂಡವು. ಹದಿನೇಳು, ಹಿಡಿದೆತ್ತಲು ಚಾಚಿದ ಕೈ ಚಾಚಿದಂತೆಯೇ, ನೆಲದ ಮೇಲೆ ಕುಸಿದ.

"ಅಯ್ಯಯ್ಯೋ! ಎಲ್ಲಾ ಇವನ ಹತ್ರಾನೇ ಹೇಳ್ಬಿಟ್ನಲ್ಲಪ್ಪೋ!"

ವರದಿ ಮುಗಿಯಿತು. ತಂಗಿಯ ಮಗ ಮೊದಲು ಚಪ್ಪಾಳೆ ತಟ್ಟಿದ. ಅಧ್ಯಕ್ಷರು ಅವನ ಕೈ ಹಿಡಿದು ನಿಲ್ಲಿಸಿದರು. ಪರಿಶೀಲಕರು ಪುಸ್ತಕ ಬಿಚ್ಚಿದರು.

"ದನಿ ಚೆನ್ನಾಗಿದೆ. ಈಗ ಉತ್ತರ ಹೇಳಿ. ಹನ್ನೊಂದು ವರ್ಷ ಹಾಲು ನೀರಾಗಿತ್ತು. ನೀರು ಹಾಕ್ತಿದ್ದೋರು ಯಾರು? ನಿಮಗೆ ಗೊತ್ತಾ?"

ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಹೊಣೆ ಹುಲ್ಲಿನ ಮೇಲೆ ಹೋಗುತ್ತಿತ್ತು. ಕಾರ್ಯದರ್ಶಿ ಅದನ್ನೇ ಹೇಳಲು ಹೊರಟ. ಆದರೆ ಆ ಸುಳ್ಳು ಹೊಟ್ಟೆಯಿಂದ ಏಳಲೇ ಇಲ್ಲ. ಗಲ್ಲವನ್ನು ಎದೆಗೆ ಒತ್ತಿದರೆ ಮಾತ್ರ ಬಂದೀತು ಎನಿಸಿತು.

"ಗೊತ್ತು ಸಾರ್" ಎಂದ. "ಒಬ್ಬೊಬ್ಬರದೂ ಗೊತ್ತು. ಎಷ್ಟು ಚೊಂಬು ಅನ್ನೋದೂ ಗೊತ್ತು."

ಆ ಗೋದಾಮಿನಲ್ಲಿ ಯಾರಿಗೂ ಉಸಿರಿನ ಪಾಠ ಆಗಿರಲಿಲ್ಲ. ಆದರೂ ಎಂಬತ್ತು ಜನ ಒಟ್ಟಿಗೇ ಉಸಿರು ಹಿಡಿದರು.

"ಹೆಸರು ಹೇಳಿ."

"ಅದಾಗಲ್ಲ ಸಾರ್. ಅವರು ಹೇಳ್ಕೊಂಡಿದ್ದು ಸೆಕ್ರೆಟ್ರಿಗಲ್ಲ. ಕೆಲಸ ಕಳಕೊಂಡ ಒಬ್ಬ ಬಡಪಾಯಿಗೆ. ಅವನ ಗುಟ್ಟನ್ನ ನಾನು ಹೇಗೆ ಹೇಳ್ಲಿ?"

"ಆ ಬಡಪಾಯಿ ಯಾರು?"

"ಅಂಥೋನು ಒಬ್ಬ ಇರಲೇ ಇಲ್ಲ ಸಾರ್."

ಪರಿಶೀಲಕರು ಮೀಸೆ ಮುಟ್ಟಿಕೊಂಡರು. ಈ ಉತ್ತರವನ್ನು ಪುಸ್ತಕದ ಯಾವ ಕಲಮಿನಲ್ಲಿ ಬರೆಯಬೇಕೆಂದು ಹುಡುಕಿದರು. ಸಿಗಲಿಲ್ಲ.

"ಹಾಗಾದ್ರೆ ಹೊಣೆ ಯಾರದ್ರೀ?"

"ನಂದು. ಸುರಿದದ್ದು ಯಾರೇ ಆಗ್ಲಿ, ಅಳೆದು ಬರ್ಕೊಂಡಿದ್ದು ನಾನು. ಇಷ್ಟು ವರ್ಷ ನನ್ನ ಗಮನವೆಲ್ಲ ನನ್ನ ದನಿ ಮೇಲಿತ್ತು. ಹಾಲು ನೋಡಲಿಲ್ಲ."

ಹೆಂಡತಿ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಪಕ್ಕದವಳಿಗೆ ಮೆಲ್ಲಗೆ, "ಈ ದನೀಲಿ ಮನೇಲಿ ಮಾತಾಡಿದ್ರೆ ಎರಡು ಹಸು ಹೆಚ್ಚಿಗೆ ಸಾಕ್ತಿದ್ದೆ ನಾನು" ಎಂದಳು.

ಪರಿಶೀಲಕರು ಪೆನ್ನಿನ ಮುಚ್ಚಳ ಹಾಕಿ, ತಮ್ಮ ಸೊಳ್ಳೆಯ ದನಿಯಲ್ಲಿ ತೀರ್ಪು ಹೇಳಿದರು. ಫ್ಯಾಟು ನಾಲ್ಕರ ಮೇಲೆ ನಿಂತಿರುವವರೆಗೆ ಸೆಕ್ರೆಟ್ರಿ ಅವರೇ ಇರಲಿ. ಫ್ಯಾಟು ಇಳಿದ ದಿನ ಸೆಕ್ರೆಟ್ರಿಯೂ ಇಳಿಯಬೇಕು. ಅಧ್ಯಕ್ಷರ ಮುಖ ಅರಳಿತು. ಆದರೆ ಫ್ಯಾಟು ಇಳಿಸಬೇಕಾದರೆ ಮೊದಲು ತಮ್ಮ ಕ್ಯಾನಿನಲ್ಲೇ ಇಳಿಸಬೇಕು, ಆಳು ಎಲ್ಲ ಹೇಳಿಯಾಗಿದೆ ಎಂದು ಹೊಳೆದು ಮತ್ತೆ ಮುದುಡಿತು. ಹೋಗುವಾಗ, ದನಿಯ ಪಾಠದ ಸುದ್ದಿಯನ್ನು ಹೆಂಗಸರ ಸಾಲಿನಿಂದ ಕೇಳಿಸಿಕೊಂಡಿದ್ದ ಪರಿಶೀಲಕರು ಕಾರ್ಯದರ್ಶಿಯನ್ನು ಬಾಗಿಲ ಮರೆಗೆ ಕರೆದು, "ಆ ನಾದಿನಿಯವರ ವಿಳಾಸ ಸ್ವಲ್ಪ ಬರ್ಕೊಡ್ತೀರಾ" ಎಂದು ಕೇಳಿದರು.

ಮಾರನೆಯ ಬೆಳಿಗ್ಗೆ ಸಾಲು ಎಂದಿನಂತೆ ನಿಂತಿತ್ತು. ಹದಿನೇಳು ಹಾಲು ಸುರಿದ.

"ಹದಿನೇಳು. ಎರಡೂ ಮುಕ್ಕಾಲು ಲೀಟರು. ಫ್ಯಾಟು ನಾಲ್ಕು ಪಾಯಿಂಟು ಎರಡು."

ಚೀಟಿ ಕೈಗೆ ಬಂದರೂ ಹದಿನೇಳು ಸರಿಯಲಿಲ್ಲ. ಹಿಂದಿನವರು ಕಾಲಿನಿಂದ ಪಾತ್ರೆ ನೂಕಲು ಹೋಗಿ ತಡೆದರು. ಅವನು ಬಗ್ಗಿ, ಕಿಂಡಿಯಲ್ಲಿ ಮುಖವಿಟ್ಟು, ಯಾರಿಗೂ ಕೇಳಿಸದಂತೆ ಕೇಳಿದ:

"ಸೆಕ್ರೆಟ್ರಿ, ಇವತ್ತಿಂದು ಸರಿಯಾಯ್ತಲ್ಲ. ಆ ಹನ್ನೊಂದು ವರ್ಷದ ಚೊಂಬುಗಳು... ಅದನ್ನ ಹೇಗೆ ತೀರಿಸ್ಲಿ ನಾನು?"

ಒಳಗೆ ಕೈ ಅಳತೆಯ ಪಾತ್ರೆಯನ್ನು ಬಗ್ಗಿಸಿ ಕೊನೆಯ ಹನಿ ಇಳಿಯುವವರೆಗೆ ಕಾದಿತು. ಆಮೇಲೆ ಒಂದು ನಿಟ್ಟುಸಿರು ಕೇಳಿಸಿತು, ಹೊಟ್ಟೆಯ ತಳದಿಂದ ಬಂದದ್ದು.

"ಅದು ತೀರೋದಲ್ಲ ಕಣಯ್ಯಾ" ಎಂದಿತು ದನಿ. "ನಾಳೇನೂ ಇಂಥದ್ದೇ ಹಾಲು ತಗೊಂಡು ಬಾ. ಹದಿನೆಂಟು!"